ಕಣ್ಣೊಳಗೆ ಉಳಿದ ಜೆಲ್

ಪೂಜಿತಾ ತೀರಿಕೊಂಡ ಅಪ್ಪನಿಗೆ ಕೊನೆಯದಾಗಿ ತೊಡಿಸಿದ ಬಿಳಿ ಅಂಗಿಯ ಗುಂಡಿ ಹಾಕುತ್ತಿದ್ದಾಗ ಬಾಗಿಲಾಚೆ ಪಕ್ಕದ ಮನೆಯ ಯಶೋದಮ್ಮನ ದನಿ ಕೇಳಿಸಿತು.

"ಪಾಪ ಚಲುವಯ್ಯ. ಆಸ್ಪತ್ರೇಲಿ ಯಾರದೋ ಕಣ್ಣು ಕಳೆದು ಕೆಲಸ ಹೋಯ್ತಲ್ಲ, ಆಮೇಲೆ ತಲೇನೇ ಎತ್ಲಿಲ್ಲ."

ಒಂಬತ್ತು ವರ್ಷದಿಂದ ಕೇಳುತ್ತ ಬಂದ ಮಾತು. ಹಲಸೂರಿನ ಕಣ್ಣಾಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಹದಿನಾರು ವರ್ಷ ಸಹಾಯಕನಾಗಿದ್ದ ಅಪ್ಪ ಆಮೇಲೆ ಹೊರಮಾವಿನ ಅಪಾರ್ಟ್‌ಮೆಂಟಿನ ಗೇಟು ಕಾದ. ಕೇಳಿದರೆ, "ಮುಗಿದ ವಿಚಾರ ಕಣಮ್ಮ, ಬಿಡು" ಎನ್ನುತ್ತಿದ್ದ. ಜನರ ಮಾತನ್ನು ಅವಳೂ ನಂಬಿಬಿಟ್ಟಿದ್ದಳು.

ಅಷ್ಟರಲ್ಲಿ ಹಾರ ಹಿಡಿದ ಮುದುಕಿಯೊಬ್ಬಳು ಒಳಗೆ ಬಂದಳು.

"ಮಹದೇವಪುರದ ಅಕ್ಕಯಮ್ಮ ಕಣವ್ವ. ಮಾರ್ಕೆಟ್ ಹತ್ರ ಶ್ರದ್ಧಾಂಜಲಿ ಫ್ಲೆಕ್ಸಲ್ಲಿ ನಿಮ್ಮಪ್ಪನ ಫೋಟೋ ನೋಡಿ ಓಡಿ ಬಂದೆ. ಹೊರಗೆ ಯಾರದೋ ಕಣ್ಣು ಅಂತಿದ್ರಲ್ಲ, ಅದು ನಂದೇ."

ಪೂಜಿತಾ ಗುಂಡಿ ಬಿಟ್ಟು ತಿರುಗಿದಳು. "ಕಣ್ಣು ಹೋಯ್ತಾ?"

"ಹೋಗಿದ್ರೆ ಫೋಟೋ ಹೆಂಗ್ ನೋಡ್ತಿದ್ದೆ? ನಿಮ್ಮಪ್ಪ ಉಳಿಸ್ದ."

*

೧೯೯೯ರ ಆ ಮಧ್ಯಾಹ್ನ ಅಕ್ಕಯಮ್ಮನ ಪೊರೆ ತೆಗೆದಿದ್ದರು. ಲೆನ್ಸ್ ಕೂರಿಸುವಾಗ ಕಣ್ಣು ಕುಸಿಯದಿರಲೆಂದು ಒಳಗೆ ಲೋಳೆಯಂಥ ಜೆಲ್ ತುಂಬುತ್ತಾರೆ; ಕೊನೆಗೆ ಅದನ್ನು ಪೂರ್ತಿ ತೊಳೆದು ತೆಗೆಯಬೇಕು. ಆಪರೇಷನ್ ಮಾಡಿದ ಚಿಕ್ಕ ಡಾಕ್ಟರಿಗೆ ಅವಸರವಿತ್ತು. ಸಂಜೆಯ ಹೊತ್ತಿಗೆ ಅಕ್ಕಯಮ್ಮ ನೋವು ತಾಳಲಾರದೆ ವಾಂತಿ ಮಾಡತೊಡಗಿದಳು.

"ಮಾತ್ರೆ ಕೊಡಿ, ಮಲಗ್ತಾಳೆ," ಎಂದರು ಡಾಕ್ಟರು.

"ಸಾರ್, ಜೆಲ್ ಒಳಗೇ ಉಳಿದಿದೆ ಅನ್ಸುತ್ತೆ. ಕಣ್ಣಿನ ಪ್ರೆಷರ್ ನೋಡಿ ಸಾರ್," ಎಂದ ಚಲುವಯ್ಯ.

"ನೀನ್ಯಾವಾಗಯ್ಯಾ ಡಾಕ್ಟರಾದೆ?"

ಚಲುವಯ್ಯ ಹೊರಗಿನ ಬೂತಿಗೆ ಹೋಗಿ, ಇಂದಿರಾನಗರದ ಮನೆಯಲ್ಲಿದ್ದ ದೊಡ್ಡ ಡಾಕ್ಟರಮ್ಮನಿಗೆ ಫೋನು ಮಾಡಿದ. ಆಕೆ ಆಟೋದಲ್ಲಿ ಧಾವಿಸಿ ಬಂದು, ಆಪರೇಷನ್ ಗಾಯದ ಅಂಚನ್ನು ಮೆಲ್ಲಗೆ ಒತ್ತಿ, ಒಳಗೆ ಕಟ್ಟಿಕೊಂಡಿದ್ದ ನೀರು, ಜೆಲ್ಲನ್ನು ಹೊರಬಿಟ್ಟರು. ನೋವು ಇಳಿಯಿತು.

"ಬೆಳಗಿನವರೆಗೂ ಬಿಟ್ಟಿದ್ರೆ ಕಣ್ಣಿನ ನರಾನೇ ಹೋಗ್ತಿತ್ತು," ಎಂದರು.

ಚಿಕ್ಕ ಡಾಕ್ಟರು ಆಸ್ಪತ್ರೆ ಮಾಲೀಕರ ಅಳಿಯ. ಮರುವಾರವೇ ತಪ್ಪನ್ನು ಚಲುವಯ್ಯನ ಮೇಲೇ ಹೊರಿಸಿ ಅವನನ್ನು ಮನೆಗೆ ಕಳಿಸಿದರು.

*

"ಹುಡುಕ್ಕೊಂಡು ಹೊರಮಾವಿಗೂ ಹೋಗಿದ್ದೆ," ಎಂದಳು ಅಕ್ಕಯಮ್ಮ. "'ಸುದ್ದಿ ಎದ್ರೆ ಆ ಡಾಕ್ಟರಮ್ಮನ ಕೆಲಸಕ್ಕೂ ಕುತ್ತು, ಯಾರ ಹತ್ರಾನೂ ಅನ್ಬೇಡಿ' ಅಂದ. ಇವತ್ತು ತಡೆಯಕ್ಕಾಗ್ಲಿಲ್ಲ ಕಣವ್ವ."

ಪೂಜಿತಾ ಅಳುತ್ತಲೇ ನಕ್ಕುಬಿಟ್ಟಳು. ಎದೆಯ ಮೇಲಿಂದ ಯಾರೋ ಚಪ್ಪಡಿ ಎತ್ತಿದಂತಾಯಿತು. "ಯಶೋದಮ್ಮೋರೆ, ಒಳಗೆ ಬನ್ನಿ. ಇವರು ಹೇಳೋದ್ ಕೇಳಿ!"

ಯಶೋದಮ್ಮ ಬಂದು, ಎಲ್ಲ ಕೇಳಿ, ಚಲುವಯ್ಯನ ಪಾದ ಮುಟ್ಟಿದಳು. ಅಕ್ಕಯಮ್ಮ ಹಾರ ಹಾಕಿ ಬಾಗಿದಳು. ಹೂವಿನಿಂದ ಇಳಿದು ಚಲುವಯ್ಯನ ರೆಪ್ಪೆಯತ್ತ ಹೊರಟಿದ್ದ ಸಣ್ಣ ಇರುವೆಯೊಂದನ್ನು ಎರಡು ಬೆರಳಲ್ಲಿ, ನೋಯದಂತೆ, ಎತ್ತಿ ತೆಗೆದಳು.