ದಾನವ್ವನ ಬೆನ್ನಿನ ಮೇಲೆ ಹುಬ್ಬಳ್ಳಿ–ಧಾರವಾಡ

ಕುಳಿತಲ್ಲಿ ಕೂರಲಾರದ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ; ಕುಳಿತಲ್ಲೇ ಬ್ರೇಕು ಒತ್ತುವವರು ಮಾತ್ರ ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯ ಮುರುಗೆಪ್ಪನವರೊಬ್ಬರೇ. ಮದುವೆಮನೆಯ ಪಂಕ್ತಿಯಿರಲಿ, ಮಠದ ಪ್ರವಚನವಿರಲಿ, ಸ್ವಂತ ಮನೆಯ ಕುರ್ಚಿಯಿರಲಿ, ಎದುರಿಗೆ ಒಂದು ನಾಯಿಯೋ ಕೂಸೋ ಅಡ್ಡ ಬಂದರೆ ಸಾಕು, ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ, ಎಡಗೈ ಗಾಳಿಯಲ್ಲಿ ಗೇರು ಹುಡುಕುತ್ತದೆ. ಮೂವತ್ತೊಂದು ವರ್ಷ ಹುಬ್ಬಳ್ಳಿ–ಧಾರವಾಡದ ನಡುವೆ ಬಸ್ಸು ಓಡಿಸಿ, ನಿವೃತ್ತರಾಗಿ ಮೂರು ವರ್ಷವಾದರೂ ಆ ಕೈಕಾಲುಗಳಿಗೆ ನಿವೃತ್ತಿಯ ಆದೇಶ ತಲುಪಿಲ್ಲ. ಖಾಕಿ ಅಂಗಿಯನ್ನೂ ಅವರು ಬಿಟ್ಟಿಲ್ಲ. ಬಿಲ್ಲೆ ಕಿತ್ತ ಜಾಗದಲ್ಲಿ ಬಟ್ಟೆಯ ಬಣ್ಣ ಇನ್ನೂ ಗಾಢವಾಗಿದೆ, ಮೇಲಿನ ಗುಂಡಿ ಒಂದು ಕರಿಯದು, ಉಳಿದವು ಕಂದು. ಬಲಭುಜವನ್ನು ಕಿಟಕಿಗೆ ಆನಿಸಿದವರಂತೆ ಓರೆಯಾಗಿ ನಡೆಯುತ್ತಾರೆ, ಮತ್ತು ಯಾರ ಸಂಗಡ ಏನು ಮಾತಾಡಿದರೂ ಕೊನೆಗೆ "ರೈಟ್" ಎಂದು ಮಾತಿಗೆ ಚಾಲನೆ ಕೊಟ್ಟು ಹೊರಟುಬಿಡುತ್ತಾರೆ.

ಎಲ್ಲಿಗೆ ಹೊರಡುತ್ತಾರೆ ಎಂದು ಮಾತ್ರ ಕೇಳಬಾರದು. ತುಂಬಿದ ಟ್ಯಾಂಕನ್ನು ತುಂಬಿದೆಯೇ ಎಂದು ನೋಡಲು ದಿನಕ್ಕೆ ಆರು ಸಲ ಮಾಳಿಗೆ ಹತ್ತುವುದು, ಹಾಕಿದ ಗೇಟನ್ನು ತೆಗೆದು ಮತ್ತೆ ಹಾಕುವುದು, ಓಣಿಯ ತುದಿಗೆ ಹೋಗಿ ದೊಡ್ಡ ರಸ್ತೆಯಲ್ಲಿ ಬಸ್ಸು ಎಷ್ಟು ತಡವಾಗಿ ಬಂತೆಂದು ಲೆಕ್ಕ ಹಿಡಿದು ಬಂದು ಯಾರೂ ಕೇಳದಿದ್ದರೂ ಹೇಳುವುದು, ಇವೇ ಅವರ ಈಗಿನ ಡ್ಯೂಟಿ. ಒಮ್ಮೆ ಹೆಬ್ಬಳ್ಳಿಯ ಬೀಗರ ಮನೆಯಲ್ಲಿ ಊಟಕ್ಕೆ ಕೂತವರು ಹೋಳಿಗೆ ಮುಗಿಸಿ, ಅನ್ನ ಬರುವ ಮೊದಲೇ "ಹೊತ್ತಾತು, ನಡೀ, ರೈಟ್" ಎಂದು ಎದ್ದು ನಿಂತರು. ಬೀಗರು ಅನ್ನದ ಪಾತ್ರೆ ಹಿಡಿದು ಬಾಗಿಲತನಕ ಹಿಂದೆ ಬಂದರಂತೆ.

ಹೆಂಡತಿ ದಾನವ್ವ ಇದಕ್ಕೆ ತದ್ವಿರುದ್ಧ. ಹನ್ನೆರಡು ವರ್ಷ ಒಲೆಯ ಮುಂದೆ ಒಂದೇ ಮಣೆಯ ಮೇಲೆ ಕೂತು, ಪಕ್ಕದ ಮನೆಯ ಮಾಬೂಬಿಯನ್ನು ಜೊತೆಗಿಟ್ಟುಕೊಂಡು, ಸ್ಟೇಶನ್ ರಸ್ತೆಯ ಖಾನಾವಳಿಯೊಂದಕ್ಕೆ ದಿನಾ ಇನ್ನೂರು ಜೋಳದ ರೊಟ್ಟಿ ಬಡಿದುಕೊಟ್ಟವರು. ಐವತ್ತು ದಾಟುವತನಕ ಅವರನ್ನು ಊರು ಕರೆದದ್ದು ಡ್ರೈವರನ ಹೆಂಡತಿ ಎಂದು. ಆಮೇಲೆ ಖಾನಾವಳಿಯ ಮಾಲೀಕ ಬಾಗಿಲ ಹಲಗೆಯ ಮೇಲೆ "ಇಲ್ಲಿ ದಾನವ್ವನ ರೊಟ್ಟಿ ಸಿಗುತ್ತದೆ" ಎಂದು ಬಣ್ಣದಲ್ಲಿ ಬರೆಸಿದ. ಆ ಹಲಗೆಯನ್ನು ದಾನವ್ವ ನೋಡಿದ್ದು ಒಂದೇ ಸಲ, ಅದೂ ಆಟೋದೊಳಗಿಂದ. ಆದರೆ ಅದು ಅಲ್ಲಿದೆ ಎಂಬುದೇ ಅವರಿಗೆ ಕೊರಳ ತಾಳಿಯಷ್ಟು ದೊಡ್ಡ ಸಂಗತಿಯಾಗಿತ್ತು.

ಕಳೆದ ಶ್ರಾವಣದಲ್ಲಿ, ಪಂಚಮಿಯ ಎಳ್ಳು ಹಚ್ಚಿದ ರೊಟ್ಟಿಗಳ ಗದ್ದಲ ಮುಗಿದ ಮರುದಿನ, ದಾನವ್ವನಿಗೆ ಮಣೆಯಿಂದ ಏಳಲಾಗಲಿಲ್ಲ. ಹುಬ್ಬಳ್ಳಿಯ ದೇಶಪಾಂಡೆ ನಗರದ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಎಲುಬಿಗೇನೂ ಆಗಿಲ್ಲ, ಬೆನ್ನಿನ ಸ್ನಾಯು ಹಿಡಿದುಕೊಂಡಿದೆ ಎಂದರು. ಒಂದೂವರೆ ತಿಂಗಳು ಒಲೆಯ ಮುಂದೆ ಕೂರಕೂಡದು. ದಿನಾ ಮಧ್ಯಾಹ್ನ ಬಿಸಿ ಎಣ್ಣೆ ಹಚ್ಚಿ, ಇಪ್ಪತ್ತು ನಿಮಿಷ, ಸಾವಕಾಶವಾಗಿ ತೀಡಿಸಿಕೊಳ್ಳಬೇಕು. ಸಡಿಲಾದರೆ ಸರಿ, ಆಗದಿದ್ದರೆ ರೊಟ್ಟಿಯ ಉದ್ಯೋಗ ಬಿಡುವುದೇ ಒಳ್ಳೆಯದು. ದಾನವ್ವನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

ಮೊದಲೆರಡು ದಿನ ಮಾಬೂಬಿಯೇ ಬಂದು ಹಚ್ಚಿದಳು. ಮೂರನೆಯ ದಿನ ಮುರುಗೆಪ್ಪನವರಿಗೆ ಅಭಿಮಾನ ಎದ್ದಿತು.

"ಮಾಬೂಬಿ, ರೊಟ್ಟೀನೂ ನೀನ, ಬೆನ್ನೂ ನೀನ ಅಂದ್ರ ಹೆಂಗ? ನಾ ಮನ್ಯಾಗ ಕಂಬದ್ಹಂಗ ನಿಂತಿಲ್ಲೇನು?"

ಮಾಬೂಬಿ ತಲೆಯ ಮೇಲಿನ ಸೆರಗು ಬಾಯಿಗೆ ಹಿಡಿದು ನಕ್ಕಳು. ಮುರುಗೆಪ್ಪನವರು ಕಂಬದ ಹಾಗೆ ನಿಂತದ್ದನ್ನು ಅವಳಾಗಲಿ ಓಣಿಯಾಗಲಿ ಕಂಡಿರಲಿಲ್ಲ.

ಎಳ್ಳೆಣ್ಣೆಗೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿ, ನಡುಮನೆಯ ಚಾಪೆಯ ಮೇಲೆ ದಾನವ್ವ ಬೋರಲು ಮಲಗಿದರು. ಮುರುಗೆಪ್ಪನವರು ಅಂಗಿಯ ತೋಳು ಮಡಚಿ, ಬೆಳಗಿನ ಪಾಳಿಗೆ ಮುನ್ನ ಬಸ್ಸಿನ ಮುಂಗಾಜು ಒರೆಸುತ್ತಿದ್ದ ರಭಸದಲ್ಲಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನಾಲ್ಕು ನಿಮಿಷ ಉಜ್ಜಿ, "ಆತು, ರೈಟ್" ಎಂದು ಎದ್ದರು. ದಾನವ್ವ ಹೊರಳಿ ನೋಡುವಷ್ಟರಲ್ಲಿ ಅವರು ಮಾಳಿಗೆಯ ಮೇಲಿದ್ದರು, ಟ್ಯಾಂಕಿನ ಮುಚ್ಚಳಕ್ಕೆಲ್ಲ ಎಣ್ಣೆ.

ಗಂಡನಿಗೆ ಅರ್ಥವಾಗುವ ಭಾಷೆ ಯಾವುದೆಂದು ದಾನವ್ವನಿಗೆ ಗೊತ್ತಿತ್ತು. ಮರುದಿನ ಮಲಗುವ ಮೊದಲೇ ಹೇಳಿದರು: "ಕುತ್ತಿಗ್ಯಾಗ ಧಾರವಾಡ ಅಂತ ತಿಳೀರಿ, ಟೊಂಕದಾಗ ಹುಬ್ಬಳ್ಳಿ. ರೆಕ್ಕಿ ಎಲುಬಿನ ನಡುವ ವಿದ್ಯಾಗಿರಿ. ನೋವು ಇರೂದು ಹುಬ್ಬಳ್ಳಿ ಹತ್ರದ ಉಣಕಲ್ಲಿನಾಗ. ಅಲ್ಲಿ ನಿಂದರ್ರಿ."

ಈ ಯುಕ್ತಿ ಮುರುಗೆಪ್ಪನವರಿಗೆ ಬಲು ಹಿಡಿಸಿತು. ಅಂದಿನಿಂದ ಬೆನ್ನಿನ ಮೇಲೆ ಕೈಯಿಟ್ಟರೆಂದರೆ ಸತ್ತೂರು ಬಂತು, ನವಲೂರು ಬಂತು, ರಾಯಾಪುರ ಬಂತು ಎಂದು ಗಟ್ಟಿಯಾಗಿ ಕೂಗುವರು, ಗೋಡೆಯಾಚೆ ರೊಟ್ಟಿ ಬಡಿಯುತ್ತಿದ್ದ ಮಾಬೂಬಿ "ಅಣ್ಣಾರ, ನವನಗರದಾಗ ಇಳಿಯೋರದಾರೇನ್ರಿ?" ಎಂದು ಕೇಳುವಳು. ಆದರೆ ಹೆಸರು ಬಂದಿತೇ ಹೊರತು ನಿಲುಗಡೆ ಬರಲಿಲ್ಲ. ಊರು ಬಂದದ್ದನ್ನು ಸಾರಿ, ಅದನ್ನು ಹಿಂದಿಕ್ಕಿ, ಹುಬ್ಬಳ್ಳಿಯನ್ನು ವೇಳೆಗೆ ಮುಟ್ಟುವುದೇ ಅವರ ಕೈಯ ಧ್ಯೇಯ. ಉಣಕಲ್ಲಿನ ಮೇಲೆ ಹೆಬ್ಬೆರಳು ಒಂದು ಕ್ಷಣ ತಡವರಿಸಿ ಮುಂದೆ ಓಡುತ್ತಿತ್ತು.

"ಮತ್ತ ನಾನ್‌ಸ್ಟಾಪ್ ಹೊಡದ್ರಿ," ಎನ್ನುವರು ದಾನವ್ವ, ದಿಂಬಿನೊಳಗಿಂದ.

"ವಾಪಸ್ ಬರೂವಾಗ ನಿಂದ್ರಸ್ತೇನಿ."

ವಾಪಸು ಬರುವಾಗ ಏನಾದರೊಂದು ಅಡ್ಡ ಬರುತ್ತಿತ್ತು. ಸಿಲಿಂಡರಿನ ಗಾಡಿ, ಗೇಟಿನ ಸದ್ದು, ಕುಕ್ಕರಿನ ಸೀಟಿ. ಒಂದು ಮಧ್ಯಾಹ್ನ ದೊಡ್ಡ ರಸ್ತೆಯಲ್ಲಿ ಹಾರ್ನುಗಳ ಗದ್ದಲ ಕೇಳಿ "ನೋಡಿ ಬಂದೆ" ಎಂದು ಎದ್ದವರು, ಅಡ್ಡ ನಿಂತ ಕಬ್ಬಿಣದ ಲಾರಿಯನ್ನು ಹಿಂದೆ ತೆಗೆಸಿ, ಎರಡೂ ದಿಕ್ಕಿನ ವಾಹನಗಳನ್ನು ಎಣ್ಣೆಗೈಯಿಂದಲೇ ಸಾಗಹಾಕಿ, ಜನರಿಂದ ಭೇಷ್ ಅನ್ನಿಸಿಕೊಂಡು ಬರುವುದರೊಳಗೆ ಮುಕ್ಕಾಲು ತಾಸು ಕಳೆದಿತ್ತು. ಬೆನ್ನ ಮೇಲಿನ ಎಣ್ಣೆ ತಣ್ಣಗಾಗಿ, ಕುಪ್ಪಸ ಸರಿಮಾಡಿಕೊಳ್ಳಲೂ ಕೈ ಹಿಂದಕ್ಕೆ ಹೋಗದೆ, ದಾನವ್ವ ಮಲಗಿದಲ್ಲೇ ಮಲಗಿದ್ದರು. ಓಣಿಯವರು ಈ ಕಥೆಯನ್ನು ನಕ್ಕು ಹೇಳುತ್ತಾರೆ. ನನಗೆ ಮೊದಲ ಸಲ ಕೇಳಿದಾಗಲೂ ನಗು ಬರಲಿಲ್ಲ.

ಇಪ್ಪತ್ತೆರಡನೆಯ ದಿನ ಖಾನಾವಳಿಯಿಂದ ಹೇಳಿಕಳಿಸಿದರು. ಮಾಬೂಬಿಯೊಬ್ಬಳಿಂದ ಇನ್ನೂರು ರೊಟ್ಟಿ ಆಗುತ್ತಿಲ್ಲ, ಗಿರಾಕಿಗಳು ತಿರುಗಿ ಹೋಗುತ್ತಿದ್ದಾರೆ. ದಾನವ್ವ ಮತ್ತೆ ಕೂರುತ್ತಾರೋ ಇಲ್ಲವೋ ಸಂಜೆಯೊಳಗೆ ತಿಳಿಸಬೇಕು, ಇಲ್ಲವಾದರೆ ಬೇರೆಯವರನ್ನು ಗೊತ್ತುಮಾಡಿ ಹಲಗೆಯನ್ನೂ ಬದಲಿಸಬೇಕಾಗುತ್ತದೆ. ದಾನವ್ವ ಹೂಂ ಎಂದು ಚಾಪೆ ಹಾಸಿ ಮಲಗಿದರು. ಮುರುಗೆಪ್ಪನವರು ಎಣ್ಣೆ ಹಚ್ಚತೊಡಗಿದರು. ಅಂದು ಊರುಗಳ ಹೆಸರು ಕೂಗಲಿಲ್ಲ. ಆದರೆ ಕೈ ಎಂದಿಗಿಂತ ಜೋರಾಗಿ ಓಡುತ್ತಿತ್ತು. ಉಣಕಲ್ಲಿನ ಹತ್ತಿರ ಬರುವಷ್ಟರಲ್ಲಿ ದೊಡ್ಡ ರಸ್ತೆಯಲ್ಲಿ ಯಾವುದೋ ಬಸ್ಸು ಬಿಡದೆ ಹಾರ್ನು ಹೊಡೆಯಿತು, ಕೈ ಬೆನ್ನಿನಿಂದ ಮೇಲೆದ್ದಿತು.

"ಹೋಗ್ರಿ," ಎಂದರು ದಾನವ್ವ. "ಹೋಗಿ ನೋಡಿ ಬರ್ರಿ. ಮೂವತ್ತೊಂದು ವರ್ಷ ಕಂಡಕ್ಟರ್ ಸೀಟಿ ಊದಿದ್ರ ಹೆಸರು ಗೊತ್ತಿಲ್ಲದೋರಿಗೆಲ್ಲಾ ನಿಂತೀರಿ. ನಾ ಇಪ್ಪತ್ತ ದಿನದಿಂದ ಇಲ್ಲಿ, ಇಲ್ಲಿ ಅಂತ ಒದರಾಕತ್ತೇನಿ. ಸಂಜೀಮುಂದ ರೊಟ್ಟಿ ಬಿಟ್ಟೆ ಅಂತ ಹೇಳಿ ಕಳಸ್ತೇನಿ. ಹಲಗಿ ಒರಸಲಿ. ನಿಮಗೇನ್ರಿ?"

ಅವರ ಬೆನ್ನು ಅಲುಗುತ್ತಿತ್ತು. ಅಳುವಿನ ಸದ್ದು ದಿಂಬಿನಲ್ಲಿ ಅಡಗಿತ್ತಾದರೂ ಅಲುಗುವುದನ್ನು ಅಡಗಿಸಲು ಬೆನ್ನಿಗೆ ಬರುವುದಿಲ್ಲ. ಮುರುಗೆಪ್ಪನವರು ಅರ್ಧ ಎದ್ದವರು ಹಾಗೇ ನಿಂತರು. ಬಾಗಿಲ ಕಡೆ ನೋಡಿದರು, ಎಣ್ಣೆಯ ಬಟ್ಟಲು ನೋಡಿದರು. ಆಮೇಲೆ, ಬದುಕಿನಲ್ಲಿ ಯಾರಿಗೂ ಹೇಳದಿದ್ದ ಮಾತೊಂದನ್ನು ಗೋಡೆಗೆ ಹೇಳಿದಂತೆ ಹೇಳಿದರು.

"ನಿಂದ್ರಾಕ ನನಗ ಅಂಜಿಕಿ ಬರ್ತೈತಿ. ನಡುದಾರ್ಯಾಗ ಗಾಡಿ ನಿಂತೈತಿ ಅಂದ್ರ ಏನೋ ಕೆಟ್ಟೈತಿ ಅಂತನ ಅರ್ಥ. ನಿನ್ನ ಬೆನ್ನ ಮ್ಯಾಲ ಕೈ ನಿಂದ್ರಿಸಿದ್ರ, ಎಷ್ಟ ಕೆಟ್ಟೈತಿ ಅನ್ನೂದು ಗೊತ್ತಾಕ್ಕೈತಿ. ಅದಕ್ಕ ಓಡಸ್ತೇನಿ."

ದಾನವ್ವ ದಿಂಬಿನಲ್ಲೇ ಕಣ್ಣೊರೆಸಿಕೊಂಡರು. ಆಮೇಲೆ ಮುಖ ಈಚೆ ಹೊರಳಿಸಿ ಅಂದರು: "ಗೊತ್ತಾಗ್ಲಿ ಬಿಡ್ರಿ. ನನಗೊಬ್ಬಾಕಿಗೆ ಗೊತ್ತಿದ್ದು ಸಾಕಾಗೇತಿ."

ಮುರುಗೆಪ್ಪನವರು ಕೂತರು. ಹೆಬ್ಬೆರಳಿಟ್ಟಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗಂಟು ಸಿಕ್ಕಿತು. ಇಷ್ಟು ದಿನ ಇದರ ಮೇಲೆಯೇ ಹಾದುಹೋಗಿದ್ದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು. "ಇಲ್ಲೇನು?" ಎಂದರು, "ಹೂಂ" ಎಂಬ ಉತ್ತರ ಬಂತು. ಕೈ ನಿಂತಿತು, ಆದರೆ ಉಳಿದ ಮೈಯೆಲ್ಲ ಓಡುತ್ತಲೇ ಇತ್ತು: ಪಾದ ಕುಣಿಯಿತು, ದವಡೆ ಬಿಗಿಯಿತು, ಹಾರ್ನು ಇನ್ನೆರಡು ಸಲ ಕೂಗಿತು, ಮೇಲೆ ಟ್ಯಾಂಕು ತುಂಬಿ ಸುರಿಯುವ ಸದ್ದೂ ಕೇಳಿತು. ಏಳಬೇಕು ಏಳಬೇಕು ಎಂದು ಕಾಲು ಬೇಡಿಕೊಂಡರೂ ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಗಂಟಿನ ಅಂಚು ಹದವಾಗಿ ನಾದಿದ ಹಿಟ್ಟಿನಂತೆ ತುಸು ಮೆತ್ತಗಾದದ್ದು ಬೆರಳಿಗೆ ತಿಳಿಯಿತು. ದಾನವ್ವನ ಉಸಿರು ಉದ್ದವಾಯಿತು. ನಿದ್ದೆ ಹತ್ತಿದ ಹೆಂಡತಿ ಎಚ್ಚರವಾದಾಳೆಂದು ಅವರು ಕೈ ತೆಗೆಯದೆ ಕೂತೇ ಇದ್ದರು.

ನಾಲ್ಕು ಗಂಟೆಗೆ ಒಳಗೆ ಬಂದ ಮಾಬೂಬಿ, ಮುರುಗೆಪ್ಪನವರು ಅಲ್ಲಾಡದೆ ಕೂತಿರುವುದನ್ನು ಕಂಡು ಎದೆ ಹಿಡಿದುಕೊಂಡಳು.

"ಅಣ್ಣಾರ! ಏನಾತ್ರಿ ಅಕ್ಕಗ?"

"ಏನೂ ಆಗಿಲ್ಲ. ಮೆಲ್ಲಕ ಮಾತಾಡು. ಖಾನಾವಳ್ಯಾಂವಗ ಹೇಳು, ಇನ್ನೊಂದು ತಿಂಗಳ ತಡೀಬೇಕಂತ. ಆಮ್ಯಾಲ ಹಿಟ್ಟು ನಾ ನಾದಿ ಕೊಡ್ತೇನಿ, ಬಡಿಯೂದಷ್ಟ ಅಕಿದು."

ಖಾನಾವಳಿಯವನು ಗೊಣಗುತ್ತಲೇ ತಡೆದ. ತಿಂಗಳಾದ ಮೇಲೆ ದಾನವ್ವ ಒಲೆಯ ಮುಂದೆ ಕೂತರು, ಇನ್ನೂರಕ್ಕಲ್ಲ, ಎಂಬತ್ತಕ್ಕೆ, ಉಳಿದದ್ದು ಮಾಬೂಬಿಯದು. ಹಲಗೆಯ ಮೇಲಿನ ಹೆಸರು ಹಾಗೇ ಇದೆ. ನೋವು ಪೂರ್ತಿ ಹೋಗಿಲ್ಲ, ಡಾಕ್ಟರು ಹೋಗುತ್ತದೆಂದೂ ಹೇಳಿಲ್ಲ. ಮುರುಗೆಪ್ಪನವರು ಹಿಟ್ಟು ನಾದುವುದು ಬಿರುಗಾಳಿಯಂತೆ, ಅರ್ಧ ಹಿಟ್ಟು ಖಾಕಿ ಅಂಗಿಗೇ. ಆದರೆ ಮಧ್ಯಾಹ್ನ ಮೂರಕ್ಕೆ ಚಾಪೆಯ ಬಳಿ ಕೂತರೆಂದರೆ ಇಪ್ಪತ್ತು ನಿಮಿಷ ಏಳುವುದಿಲ್ಲ. ಎದ್ದ ಮೇಲೆ ಎರಡು ಪಟ್ಟು ಓಡಾಡುತ್ತಾರೆ.

ಇಂಥ ಗಂಡಸರು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಔಷಧಿ ತಾ ಎಂದರೆ ಊರಿಡೀ ತಿರುಗಿ ತರುತ್ತಾರೆ, ದವಾಖಾನೆಯಲ್ಲಿ ಚೀಟಿಯ ಸಾಲಿಗೆ ತಾವೇ ಮೊದಲು ನಿಲ್ಲುತ್ತಾರೆ, ನೋವುಂಡವರ ಪಕ್ಕ ಒಂದು ಗಳಿಗೆ ಸುಮ್ಮನೆ ಕೂರು ಎಂದರೆ ಮಾತ್ರ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರೆ. ಅವರಿಗೆ ಮಮತೆಯಿಲ್ಲವೆಂದು ಆಡಿಕೊಳ್ಳುವುದು ಸುಲಭ. ಮಮತೆಯಿದೆ, ಅದನ್ನು ಓಡಾಟದಲ್ಲಿ ಸವೆಸಿಬಿಡುತ್ತಾರೆ, ಏಕೆಂದರೆ ಕೂತರೆ ಕಾಣುವುದನ್ನು ಕಾಣಲು ಅವರಿಗೆ ಎದೆಯಿಲ್ಲ. ಆ ಎದೆಯನ್ನು ಅವರಿಗೆ ಕೊಡಬೇಕಾದವರು, ಎಂಥ ಅನ್ಯಾಯವೆನ್ನಿ, ಬೋರಲು ಮಲಗಿ ನೋವುಣ್ಣುತ್ತಿರುವವರೇ; ಹಾಗೆ ಕೊಡುವಷ್ಟು ತಾಳ್ಮೆ ಎಲ್ಲ ಹೆಂಗಸರಿಗೂ ಉಳಿದಿರುವುದಿಲ್ಲ.