ಎಲ್ಲ ಬಗೆಯವರಿದ್ದ ಚೌಕ

ಆರೋಗ್ಯ ಇಲಾಖೆಯಲ್ಲಿ ನಕ್ಷೆ ಮಾಡುವವಳು ವಾಂತಿಭೇದಿಯಾದ ಇನ್ನೂರು ಜನರ ಮನೆಗಳನ್ನು ಕಂಪ್ಯೂಟರಿನಲ್ಲಿ ಚುಕ್ಕಿಗಳಾಗಿ ಇಟ್ಟು, ಊರನ್ನು ಚೌಕಗಳಾಗಿ ವಿಂಗಡಿಸಿದಳು. ಚುಕ್ಕಿಗಳು ದಟ್ಟವಾಗಿದ್ದ ಎರಡು ಚೌಕಗಳು ಕೆಂಪಾದವು. ಒಂದರಲ್ಲಿ ಹಾಸಿಗೆ ಹಿಡಿದವರೆಲ್ಲ ಒಂದೇ ಹಾಸ್ಟೆಲಿನ ಹುಡುಗಿಯರು. ಅದು ಅಲ್ಲಿನ ಅಡುಗೆಯ ತಪ್ಪಿರಬಹುದು. ಇನ್ನೊಂದರಲ್ಲಿ ಕೂಸು, ಮುದುಕ, ದರ್ಜಿ, ಮೇಷ್ಟ್ರು, ಹೀಗೆ ಎಲ್ಲ ಬಗೆಯವರೂ ಇದ್ದರು. ಇವರೆಲ್ಲರ ಹೊಟ್ಟೆಗೂ ಹೋಗುವುದು ನಲ್ಲಿ ನೀರೊಂದೇ. ಅವಳು ಬೀದಿಯ ಹೆಸರು ಓದಿದಳು. ಅಕ್ಕನ ಮನೆ ಅಲ್ಲೇ ಇತ್ತು.

ಕೂಡಲೇ ಫೋನ್ ಮಾಡಿದಳು. "ಅಕ್ಕಾ, ನಲ್ಲಿ ನೀರು ಮುಟ್ಬೇಡ. ಪಾಪುಗೆ ಕೊಟ್ಟಿಲ್ಲ ತಾನೇ?"

"ಬೆಳಿಗ್ಗೆಯಿಂದ ಅದನ್ನೇ ಕುಡಿಸ್ತಿದೀನಿ ಕಣೇ." ಅಕ್ಕನ ದನಿ ಸಣ್ಣಗಾಯಿತು. "ಎರಡು ಸಲ ವಾಂತಿ ಮಾಡ್ಕೊಂಡ್ಲು. ಹಲ್ಲು ಬರ್ತಿದೆ, ಅದಕ್ಕೇ ಅಂದ್ಕೊಂಡೆ."

"ಹಲ್ಲಲ್ಲ ಅಕ್ಕಾ. ಈಗಲೇ ಆಸ್ಪತ್ರೆಗೆ ಹೊರಡು."

ಅವಳು ಸಾಹೇಬರ ಕೋಣೆಗೆ ಓಡಿ ನಕ್ಷೆ ತೋರಿಸಿದಳು. ಮಧ್ಯಾಹ್ನದೊಳಗೆ ಆ ಬೀದಿಯ ನೀರು ನಿಂತಿತು. ಅಗೆದು ನೋಡಿದರೆ ಒಡೆದ ಕೊಳವೆಗೆ ಚರಂಡಿ ನೀರು ಸೇರುತ್ತಿತ್ತು. ಮೂರನೆಯ ದಿನ ಮಗು ಕಣ್ಣರಳಿಸಿ ನಕ್ಕಿತು.