ಹಿಡ್ಕೊಳ್ಳೋದಾ, ಬಿಡೋದಾ

ಬಸ್ ಡ್ರೈವರನಿಗೆ ಸುಮ್ಮನೆ ಕಾಯುತ್ತ ಕೂರುವುದೆಂದರೆ ಆಗದ ಮಾತು. ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಅವನು ಕೂತ, ಎದ್ದ, ನೀರು ಕುಡಿದ, ಮತ್ತೆ ಕೂತ. ಪಕ್ಕದಲ್ಲಿ ಮಗಳು, ಮನೆಯವರ ಬಾಯಲ್ಲಿ ಗುಬ್ಬಿ, ಊದಿಕೊಂಡ ಕೆನ್ನೆಗೆ ಅಂಗೈ ಒತ್ತಿ ಕೂತಿದ್ದಳು. ಇನ್ನೂ ಶಾಲೆಗೆ ಸೇರದ ವಯಸ್ಸು.

ಬೆಳಿಗ್ಗೆ ಅವಳ ಹಲ್ಲು ಕೀಳಿಸುವ ವಿಷಯಕ್ಕೇ ಗಂಡ ಹೆಂಡತಿಗೆ ಜಟಾಪಟಿಯಾಗಿತ್ತು. “ಹೆದರಿಸ್ಬೇಡಿ, ಬಲವಂತ ಮಾಡ್ಬೇಡಿ. ಆಗ್ಲಿಲ್ಲ ಅಂದ್ರೆ ವಾಪಸ್ ಕರ್ಕೊಂಡು ಬನ್ನಿ,” ಅಂದಿದ್ದಳು ಹೆಂಡತಿ, ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲೇ.

“ನಿನ್ನ ಮುದ್ದಿನಿಂದ್ಲೇ ಇಷ್ಟೆಲ್ಲ ಆಗಿದ್ದು. ಗಟ್ಟಿಯಾಗಿ ಹಿಡ್ಕೊಂಡ್ರೆ ಎರಡೇ ನಿಮಿಷದ ಕೆಲ್ಸ,” ಎಂದು ಇವನು ಅವಳ ಬಾಯಿ ಮುಚ್ಚಿಸಿದ್ದ. ದಾರಿಯುದ್ದಕ್ಕೂ ಮಗಳಿಗೆ ಹೇಳಿದ್ದು ಬೇರೆ: “ಡಾಕ್ಟ್ರು ಏನೂ ಮಾಡಲ್ಲ ಪುಟ್ಟಿ, ಸುಮ್ನೆ ನೋಡ್ತಾರಷ್ಟೆ.”

ಒಳಗೆ ಸೂಜಿ ಕಂಡದ್ದೇ ತಡ, ಗುಬ್ಬಿ ಕುರ್ಚಿಯಿಂದ ಜಾರಿ ಅಪ್ಪನ ಕಾಲಿಗೆ ತೆಕ್ಕೆ ಬಿದ್ದಳು.

“ಕೀವು ತುಂಬಿದೆ. ಇವತ್ತು ಅದನ್ನಾದ್ರೂ ತೆಗೀಲೇಬೇಕು,” ಅಂದರು ಡಾಕ್ಟರಮ್ಮ. “ನಿಧಾನವಾಗಿ ಹೇಳಿ ಒಪ್ಪಿಸೋಣ್ವಾ? ಹಿಡ್ಕೊಂಡೇ ಮಾಡಿ ಅಂದ್ರೆ ಅದೂ ಆಗುತ್ತೆ. ನೀವು ಒಪ್ಪಿದ್ರೆ ಮಾತ್ರ.”

“ಹಿಡ್ಕೋತೀನಿ. ಬೇಗ ಮುಗಿಸ್ಬಿಡಿ ಮೇಡಂ.”

ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡೂ ಕೈ ಸೇರಿಸಿ ಬಿಗಿಯಾಗಿ ಹಿಡಿದ. ಕಿರುಚಾಟಕ್ಕೆ ಕಿವಿ ತೂತಾಗುವಂತಿತ್ತು. ಹಲ್ಲು ಕಚ್ಚಿ ಸಹಿಸಿಕೊಂಡ. ಅಷ್ಟರಲ್ಲಿ ಅವಳು ಕತ್ತು ಹೊರಳಿಸಿ, “ಅಪ್ಪಾ, ಬಿಡಿಸಪ್ಪಾ! ಬಂದು ಬಿಡಿಸೂ!” ಎಂದು ಬಾಗಿಲ ಕಡೆಗೆ ಕೂಗಿದಳು.

ಹಿಡಿದವನು ಇಲ್ಲಿದ್ದ. ಅವಳು ಕರೆಯುತ್ತಿದ್ದ ಅಪ್ಪ ಬೇರೆಲ್ಲೋ ಇದ್ದಂತಿತ್ತು. ಅವನು ಹಿಡಿತ ಬಿಟ್ಟ.

“ನಿಲ್ಸಿ. ಬೇಡ, ನಿಲ್ಸಿ!”

ಡಾಕ್ಟರಮ್ಮ ಸೂಜಿ ಬದಿಗಿಟ್ಟರು. ಪುಟ್ಟ ಕನ್ನಡಿಯನ್ನು ಗುಬ್ಬಿಯ ಕೈಗೇ ಕೊಟ್ಟು, ಏನೇನು ಮಾಡುತ್ತೇನೆಂದು ಒಂದೊಂದಾಗಿ ಹೇಳಿದರು. ಸಾಕೆನಿಸಿದರೆ ಕೈ ಎತ್ತು, ನಿಲ್ಲಿಸ್ತೀನಿ ಎಂದರು. ಗುಬ್ಬಿ ಬಿಕ್ಕುತ್ತ ಅಪ್ಪನನ್ನೇ ನೋಡಿದಳು.

“ನೋವಾಗುತ್ತಾ?”

“ಆಗುತ್ತೆ ಪುಟ್ಟಿ. ಚುಚ್ಚಿದಾಗ ನೋವಾಗುತ್ತೆ.”

“ಮತ್ತೆ ಏನೂ ಮಾಡಲ್ಲ ಅಂದ್ಯಲ್ಲ?”

ಅವನು ಅವಳ ಕಣ್ಣೊರೆಸಿದ.

ಆಮೇಲೆ ಅವಳು ಕೈ ಎತ್ತಿದ್ದೇ ಎತ್ತಿದ್ದು. ಎತ್ತಿದಾಗಲೆಲ್ಲ ಡಾಕ್ಟರಮ್ಮ ನಿಲ್ಲಿಸಿದರು. ಹೊರಗೆ ಕಾಯುವವರು ಗೊಣಗತೊಡಗಿದರು. ಒಬ್ಬ ಅಜ್ಜಿಯಂತೂ, “ಒಂದು ಬಿಗಿದ್ರೆ ಸರಿಹೋಗುತ್ತೆ,” ಎಂದು ಎಲ್ಲರಿಗೂ ಕೇಳುವಂತೆಯೇ ಅಂದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೂ ಕೀವು ಹೊರಬಂತು. ಹಲ್ಲು ಮಾತ್ರ ಅಲ್ಲೇ ಉಳಿಯಿತು. ಮುಂದಿನ ವಾರ ಮತ್ತೆ ಬರಬೇಕು.

ಹೊರಗೆ ಬರುತ್ತಿದ್ದಂತೆ ಹೆಂಡತಿಯ ಫೋನ್. “ಆಯ್ತಾ? ಹಿಡ್ಕೊಂಡ್ರಾ?”

“ಹಿಡ್ಕೊಂಡೆ,” ಅಂದ. “ಆಮೇಲೆ ಬಿಟ್ಟೆ. ಮುಂದಿನ ವಾರ ನೀನೂ ಬಾ.”

ರಸ್ತೆ ದಾಟಲು ಎಂದಿನಂತೆ ಬೆರಳು ಚಾಚಿದ. ಗುಬ್ಬಿ ಬೆರಳನ್ನು ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ಅವನ ಅಂಗಿಯ ತುದಿ ಹಿಡಿದುಕೊಂಡಳು.